ಒಬ್ಬ ದೊರೆ, ಎರಡು ಬಳಗ: ‘ರಣಧೀರ ಕಂಠೀರವ’ ಮತ್ತು ‘ಕಾಕನಕೋಟೆ’ ಚಿತ್ರಗಳ ಹಿಂದಿನ ಕಲಾವಿದರು

ಕನ್ನಡದ ಐತಿಹಾಸಿಕ ಚಲನಚಿತ್ರಗಳನ್ನು ಕುರಿತ ಬಹುಪಾಲು ಬರವಣಿಗೆ ನಾಯಕನಟನ ಸುತ್ತ ಸುತ್ತುತ್ತದೆ. ಕಿರೀಟ ಧರಿಸಿದ ಮುಖ ನೆನಪಿನಲ್ಲಿ ಉಳಿಯುತ್ತದೆ. ಆ ಕಿರೀಟಕ್ಕೆ ಹಣ ಹೊಂದಿಸಿದವರು, ಮಾತು ಬರೆದವರು, ಮಟ್ಟು ಹಾಕಿದವರು ಪಟ್ಟಿಗಳಲ್ಲಿ ಮಾತ್ರ ಉಳಿಯುತ್ತಾರೆ. ಮೈಸೂರಿನ ಒಂದನೆಯ ಕಂಠೀರವ ನರಸರಾಜ ಒಡೆಯನ ಕಾಲವನ್ನು ವಸ್ತುವಾಗಿ ಉಳ್ಳ ಎರಡು ಚಿತ್ರಗಳು, 1960ರ ‘ರಣಧೀರ ಕಂಠೀರವ’ ಮತ್ತು 1977ರ ‘ಕಾಕನಕೋಟೆ’, ಈ ದೃಷ್ಟಿಯಿಂದ ವಿಶೇಷ ಪರಿಶೀಲನೆಗೆ ಅರ್ಹವಾಗಿವೆ. ಎರಡರಲ್ಲಿಯೂ ದೊರೆ ಒಬ್ಬನೇ. ಎರಡನ್ನೂ ಕಟ್ಟಿದವರು ರಂಗಭೂಮಿಯಿಂದ ಬಂದವರೇ. ಆದರೆ ಆ ಎರಡು ರಂಗಭೂಮಿಗಳ ನಡುವೆ ಒಂದು ತಲೆಮಾರಿನ ಅಂತರವಿದೆ. ಹಾಗಾಗಿ ದೊರೆಯ ಕಲ್ಪನೆಯೂ ಬೇರೆಯಾಗಿದೆ. ಎರಡನೆಯ ಚಿತ್ರದ ಕಥೆ ನಡೆಯುವ ಕಾಡು ಹೆಗ್ಗಡದೇವನಕೋಟೆ ತಾಲ್ಲೂಕಿನದು, ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಎದ್ದ ಸೀಮೆಯದು. ಈ ಸ್ಥಳಸಂಬಂಧವನ್ನು ವಿಮರ್ಶೆ ಸಾಕಷ್ಟು ಗಂಭೀರವಾಗಿ ಪರಿಗಣಿಸಿಲ್ಲವೆಂದೇ ಹೇಳಬೇಕು.

ಕಂಠೀರವ ನರಸರಾಜನ ಆಳ್ವಿಕೆ 1638ರಿಂದ 1659ರವರೆಗಿನದು. ಅವನಿಗೆ ಮುಂಚೆ ಪಟ್ಟದಲ್ಲಿದ್ದ ಇಮ್ಮಡಿ ರಾಜ ಒಡೆಯ ಒಂದು ವರ್ಷದ ಆಸುಪಾಸಿನಲ್ಲಿಯೇ ತೀರಿಕೊಂಡ. ದಳವಾಯಿ ವಿಕ್ರಮರಾಯ ವಿಷವಿಕ್ಕಿಸಿದನೆಂಬುದು ಅರಮನೆಯ ಚರಿತ್ರೆಗಳು ಹೇಳುವ ಮಾತು. ಹೊಸ ದೊರೆ ದಳವಾಯಿಯನ್ನು ಕೊನೆಗಾಣಿಸಿದ. ಬಿಜಾಪುರದ ರಣದುಲ್ಲಾಖಾನನ ಸೈನ್ಯವನ್ನು ಶ್ರೀರಂಗಪಟ್ಟಣದ ಕೋಟೆಯಿಂದ ಹಿಮ್ಮೆಟ್ಟಿಸಿದ. ಟಂಕಸಾಲೆಯನ್ನು ಏರ್ಪಡಿಸಿ ಕಂಠೀರಾಯಿ ಹಣವನ್ನು ಚಲಾವಣೆಗೆ ತಂದ. ಅವನ ಕಾಲದಲ್ಲಿಯೇ, 1648ರಲ್ಲಿ, ಗೋವಿಂದವೈದ್ಯ ‘ಕಂಠೀರವ ನರಸರಾಜ ವಿಜಯ’ವನ್ನು ಸಾಂಗತ್ಯದಲ್ಲಿ ಬರೆದ. ಇವೆಲ್ಲಕ್ಕಿಂತ ಜನರ ಬಾಯಲ್ಲಿ ನಿಂತದ್ದು ಬೇರೆ: ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಕೆಡವಿದ ಕಥೆ, ಅರಮನೆಯೊಳಗೆ ಕೊಲ್ಲಲು ಬಂದವರನ್ನು ಒಬ್ಬನೇ ಎದುರಿಸಿದ ಕಥೆ. ಮೈಸೂರಿನ ಗರಡಿಮನೆಗಳ ಪರಂಪರೆಯೂ ಈ ಕಥೆಗಳನ್ನು ಪೋಷಿಸಿತು.

ಸಿನಿಮಾಕ್ಕಿಂತ ಮೊದಲೇ ಈ ವಸ್ತುವನ್ನು ನಾಟಕಕಾರರಿಬ್ಬರು ಕೈಗೆತ್ತಿಕೊಂಡಿದ್ದರು. ‘ವಿಗಡ ವಿಕ್ರಮರಾಯ’ದಲ್ಲಿ ಸಂಸರು ದೊರೆಗಿಂತ ದಳವಾಯಿಯನ್ನೇ ಕೇಂದ್ರಕ್ಕೆ ತಂದರು. ಮೈಸೂರು ಅರಸರ ಇತಿಹಾಸದ ಮೇಲೆ ನಾಟಕಗಳ ಸರಣಿಯನ್ನೇ ಕಟ್ಟಲು ಹೊರಟಿದ್ದ, ಬಾಳೆಲ್ಲ ಪೊಲೀಸರ ಭಯದಿಂದ ನರಳಿ 1939ರಲ್ಲಿ ತೀರಿಕೊಂಡ ಆ ಲೇಖಕನಿಗೆ ಅಧಿಕಾರದ ಕ್ರೌರ್ಯವೇ ಮುಖ್ಯ ಆಸಕ್ತಿಯಾಗಿದ್ದುದು ಆಕಸ್ಮಿಕವಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರು 1938ರಲ್ಲಿ ಪ್ರಕಟಿಸಿದ ‘ಕಾಕನಕೋಟೆ’ಯ ದಾರಿ ಬೇರೆ. ಅಲ್ಲಿ ಅರಮನೆಯ ಒಳಸಂಚಿಗಿಂತ ಕಾಡಕುರುಬರ ಹಾಡಿಯ ಅಳಲು ದೊಡ್ಡದು.

ಮೊದಲ ಚಿತ್ರದ ವಿಷಯಕ್ಕೆ ಬರುವುದಾದರೆ, ‘ರಣಧೀರ ಕಂಠೀರವ’ವನ್ನು ನಿರ್ಮಿಸಿದ್ದು ಯಾವ ಶ್ರೀಮಂತ ಸಂಸ್ಥೆಯೂ ಅಲ್ಲ, ಕಲಾವಿದರೇ ಕಟ್ಟಿಕೊಂಡ ಕನ್ನಡ ಚಲನಚಿತ್ರ ಕಲಾವಿದರ ಸಂಘ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಮತ್ತು ಜಿ.ವಿ. ಅಯ್ಯರ್ ಇದರ ಬೆನ್ನೆಲುಬಾಗಿದ್ದವರು. ಕನ್ನಡ ಚಿತ್ರಗಳ ಸಂಖ್ಯೆ ಅತ್ಯಲ್ಪವಾಗಿದ್ದ, ಇದ್ದ ಚಿತ್ರಗಳ ತಯಾರಿಕೆಗೂ ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳನ್ನೇ ನಂಬಬೇಕಾಗಿದ್ದ ಕಾಲವದು. ‘ಬೇಡರ ಕಣ್ಣಪ್ಪ’ (1954) ದೊಡ್ಡ ಯಶಸ್ಸು ಕಂಡರೂ ಅದರ ಕಲಾವಿದರಿಗೆ ವರ್ಷವಿಡೀ ಕೆಲಸವಿರಲಿಲ್ಲ. ಕೆಲಸವಿಲ್ಲದ ನಟರು ತಮಗೆ ತಿಳಿದ ವಿದ್ಯೆಗೇ ಮರಳಿದರು: ಊರೂರು ತಿರುಗಿ ನಾಟಕವಾಡಿದರು. ಆ ಸಂಪಾದನೆಯ ಬಲದಲ್ಲಿ ಚಿತ್ರ ತಯಾರಿಸುವ ಸಾಹಸಕ್ಕೆ ಇಳಿದರು. ಕನ್ನಡದ ಮೊದಲ ಐತಿಹಾಸಿಕ ಚಿತ್ರವೆಂದು ಇಂದು ಗುರುತಿಸುವ ಕೃತಿಯ ಮೂಲ ಬಂಡವಾಳ ನಾಟಕದ ಟಿಕೆಟ್ಟಿನ ಕಾಸು ಎಂಬ ಸಂಗತಿ ಅದರ ರೂಪವನ್ನೂ ಅರ್ಥಮಾಡಿಸುತ್ತದೆ.

ಈ ನಾಲ್ವರೂ ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದವರು. ಕಂಪನಿ ನಾಟಕದ ನಟನಿಗೆ ರಾಜನ ಪಾತ್ರ ಹೊಸದಲ್ಲ. ಪೌರಾಣಿಕದ ಹರಿಶ್ಚಂದ್ರನೂ ರಾಜನೇ. ಹೀಗಾಗಿ ಪೌರಾಣಿಕದಿಂದ ಐತಿಹಾಸಿಕಕ್ಕೆ ದಾಟುವಾಗ ವೇಷಭೂಷಣ, ಒಡ್ಡೋಲಗದ ರೀತಿ, ಏರುದನಿಯ ಮಾತುಗಾರಿಕೆ ಯಾವುದನ್ನೂ ಅವರು ಬೇರೆಡೆಯಿಂದ ತರಬೇಕಾಗಲಿಲ್ಲ. ಬದಲಾದದ್ದು ದೇವರ ಸ್ಥಾನ ಮಾತ್ರ. ಪೌರಾಣಿಕದಲ್ಲಿ ರಾಜನ ಸಂಕಟವನ್ನು ಪರಿಹರಿಸಲು ಕೊನೆಗೆ ದೇವರು ಪ್ರತ್ಯಕ್ಷನಾಗುತ್ತಾನೆ. ಐತಿಹಾಸಿಕದಲ್ಲಿ ರಾಜನ ತೋಳೇ ಆ ಕೆಲಸವನ್ನು ಮಾಡಬೇಕು. ಜಟ್ಟಿಯಾಗಿ ಹೆಸರಾದ ದೊರೆಯ ಕಥೆಯನ್ನೇ ಸಂಘ ಆರಿಸಿಕೊಂಡುದರಲ್ಲಿ ಈ ರಂಗತರ್ಕವೂ ಇದೆ.

ಚಿತ್ರಸಾಹಿತ್ಯದ ಹೊಣೆ ಜಿ.ವಿ. ಅಯ್ಯರ್ ಅವರದು, ನಿರ್ದೇಶನ ಎನ್.ಸಿ. ರಾಜನ್ ಅವರದು, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ತಾರಾಗಣದಲ್ಲಿ ರಾಜ್‌ಕುಮಾರ್ ಅವರೊಂದಿಗೆ ಉದಯಕುಮಾರ್, ಲೀಲಾವತಿ, ಸಂಧ್ಯಾ ಇದ್ದರು. ನಿರ್ಮಾಪಕರೇ ಆದ ನರಸಿಂಹರಾಜು ಮತ್ತು ಬಾಲಕೃಷ್ಣ ಪಾತ್ರಧಾರಿಗಳೂ ಹೌದು. ಈ ಬಳಗದಲ್ಲಿ ಅಯ್ಯರ್ ಅವರ ಸ್ಥಾನವನ್ನು ಪ್ರತ್ಯೇಕವಾಗಿ ಗುರುತಿಸಬೇಕು. ‘ಹಂಸಗೀತೆ’ (1975), ಸಂಸ್ಕೃತದ ‘ಆದಿ ಶಂಕರಾಚಾರ್ಯ’ (1983) ಚಿತ್ರಗಳ ಮೂಲಕವೇ ಅವರನ್ನು ಬಲ್ಲ ವಿಮರ್ಶೆ, ಅವರ ಮೊದಲ ಘಟ್ಟವನ್ನು ಕೇವಲ ಹೊಟ್ಟೆಪಾಡಿನ ಕಾಲವೆಂದು ದಾಟಿಬಿಡುತ್ತದೆ. ಇದು ಸರಿಯಾದ ಕ್ರಮವಲ್ಲ. ನಂಜನಗೂಡಿನಲ್ಲಿ ಹುಟ್ಟಿ ಕಂಪನಿಯ ತೆರೆಯ ಹಿಂದೆ ಬೆಳೆದ ಅಯ್ಯರ್, ಮೈಸೂರು ಸೀಮೆಯ ಐತಿಹ್ಯವನ್ನು ಇಡೀ ಕನ್ನಡ ನಾಡಿನ ಪ್ರೇಕ್ಷಕ ತನ್ನದೆಂದು ಒಪ್ಪುವಂತೆ ಹೇಳಬೇಕಾಗಿತ್ತು. 1956ರಲ್ಲಿ ರಾಜ್ಯ ಏಕೀಕರಣಗೊಂಡು ನಾಲ್ಕೇ ವರ್ಷವಾಗಿತ್ತು. ಧಾರವಾಡ, ಕಲಬುರಗಿಗಳ ಪ್ರೇಕ್ಷಕನಿಗೆ ಒಡೆಯರ ಮೇಲೆ ಹಳೆಯ ಪ್ರಜೆಯ ಭಕ್ತಿ ಇರಲು ಕಾರಣವಿರಲಿಲ್ಲ. ಆದ್ದರಿಂದಲೇ ಚಿತ್ರದ ರಣಧೀರ ಮೈಸೂರಿನ ದೊರೆ ಎನ್ನುವುದಕ್ಕಿಂತ ಕನ್ನಡದ ವೀರನಾಗಿ ರೂಪುಗೊಳ್ಳುವುದು ಅನಿವಾರ್ಯವಾಯಿತು. ಮರುವರ್ಷ, 1961ರಲ್ಲಿ, ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಬಂದಿತು. ಬಿ. ಸರೋಜಾದೇವಿ ರಾಣಿಯಾಗಿ, ರಾಜ್‌ಕುಮಾರ್ ಮಲ್ಲಸರ್ಜನಾಗಿ ಅಭಿನಯಿಸಿದ ಆ ಚಿತ್ರವನ್ನು ‘ರಣಧೀರ ಕಂಠೀರವ’ದ ಪಕ್ಕದಲ್ಲಿಟ್ಟು ನೋಡಿದರೆ, ಹೊಸ ರಾಜ್ಯದ ದಕ್ಷಿಣೋತ್ತರ ಭಾಗಗಳಿಗೆ ಒಂದೊಂದು ವೀರಚರಿತೆ ದಕ್ಕಿದಂತೆ ಕಾಣುತ್ತದೆ. ಮುಂದೆ ‘ಇಮ್ಮಡಿ ಪುಲಿಕೇಶಿ’ (1967), ‘ಶ್ರೀ ಕೃಷ್ಣದೇವರಾಯ’ (1970), ‘ಮಯೂರ’ (1975) ಚಿತ್ರಗಳಲ್ಲಿ ರಾಜ್‌ಕುಮಾರ್ ಚಾಲುಕ್ಯ, ವಿಜಯನಗರ, ಕದಂಬ ಅರಸರಾದರು. ಒಬ್ಬ ನಟನ ದೇಹದಲ್ಲಿ ನಾಡಿನ ರಾಜವಂಶಗಳೆಲ್ಲ ಒಂದುಗೂಡಿದ ಈ ವಿದ್ಯಮಾನದ ಮೊದಲ ಹೆಜ್ಜೆ ಸಂಘದ ಚಿತ್ರವೇ.

ಆದರೆ ಈ ಯಶಸ್ಸಿನೊಳಗೇ ಒಂದು ನಷ್ಟವೂ ಇತ್ತು. ಸಮಾನರ ಸಂಘವಾಗಿ ಹುಟ್ಟಿದ ಬಳಗದಿಂದ ಒಬ್ಬ ದೊರೆ ಎದ್ದುಬಂದ. ಚಿತ್ರ ತಯಾರಿಸುವ ಸಹಕಾರಿ ಪ್ರಯತ್ನವಾಗಿ ಸಂಘ ಮುಂದುವರಿಯಲಿಲ್ಲ. ಅಯ್ಯರ್ ‘ಭೂದಾನ’ (1962) ಮೊದಲಾದ ಚಿತ್ರಗಳ ನಿರ್ದೇಶಕರಾದರು. ಬಾಲಕೃಷ್ಣ ಬೆಂಗಳೂರಿನ ಹೊರವಲಯದಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಲು ಜೀವ ತೇಯ್ದರು. ನರಸಿಂಹರಾಜು ‘ಪ್ರೊಫೆಸರ್ ಹುಚ್ಚೂರಾಯ’ (1974) ಚಿತ್ರವನ್ನು ನಿರ್ಮಿಸಿದರು. ನಿರ್ಮಾಪಕರ ಸ್ಥಾನದಲ್ಲಿ ನಟರೇ ಇದ್ದು, ಹಾಸ್ಯನಟನಿಗೂ ನಾಯಕನಟನಿಗೂ ಬಂಡವಾಳದಲ್ಲಿ ಸಮಪಾಲು ಇರುವ ವ್ಯವಸ್ಥೆ ಕನ್ನಡದಲ್ಲಿ ರೂಢಿಯಾಗಿದ್ದರೆ ತಾರಾಪದ್ಧತಿಯ ಚರಿತ್ರೆ ಬೇರೆಯಾಗುತ್ತಿತ್ತೇನೋ. ಚಿತ್ರಗಳ ಇತಿಹಾಸ ಬರೆದವರು ‘ರಣಧೀರ’ನ ವಿಜಯವನ್ನು ದಾಖಲಿಸಿದಷ್ಟು ಶ್ರದ್ಧೆಯಿಂದ ಈ ವಿಘಟನೆಯನ್ನು ದಾಖಲಿಸಿಲ್ಲ.

‘ಕಾಕನಕೋಟೆ’ಯ ಹಿಂದಿನ ಬಳಗದ ಸ್ವರೂಪ ಬೇರೆ. 1972ರಲ್ಲಿ ಬೆಂಗಳೂರಿನಲ್ಲಿ ಸಿ.ಆರ್. ಸಿಂಹ, ಲೋಕೇಶ್ ಮೊದಲಾದವರು ಕಟ್ಟಿದ ‘ನಟರಂಗ’ ಹವ್ಯಾಸಿ ತಂಡ. ಇವರಲ್ಲಿ ಅನೇಕರಿಗೆ ಹಗಲು ನೌಕರಿ, ಸಂಜೆ ತಾಲೀಮು. ಸಂಗೀತ ನೀಡಿದ ಸಿ. ಅಶ್ವಥ್ ದೀರ್ಘಕಾಲ ಐ.ಟಿ.ಐ. ಕಾರ್ಖಾನೆಯಲ್ಲಿ ಉದ್ಯೋಗಿಯಾಗಿದ್ದವರು. ಸಿಂಹ ಅವರು ಕಾರ್ನಾಡರ ‘ತುಘಲಕ್’ನಾಗಿ ಹೆಸರು ಮಾಡಿದ ನಟರು. ಅಧಿಕಾರದ ಹುಚ್ಚನ್ನು ಅಭಿನಯಿಸಿ ಬಲ್ಲ ನಟನೊಬ್ಬ, ಪ್ರಜೆಗೆ ಕಿವಿಗೊಡುವ ದೊರೆಯಿರುವ ಮಾಸ್ತಿಯವರ ನಾಟಕವನ್ನು ನಿರ್ದೇಶನಕ್ಕೆ ಎತ್ತಿಕೊಂಡುದು ಕುತೂಹಲಕರ. ನವ್ಯರ ಪ್ರಭಾವ ಗಾಢವಾಗಿದ್ದ ಆ ದಿನಗಳಲ್ಲಿ ಮಾಸ್ತಿಯವರ ನಾಟಕಗಳನ್ನು ಓದುವ ನಾಟಕಗಳೆಂದು ಬದಿಗಿಡುವ ವಾಡಿಕೆಯಿತ್ತು. ನಟರಂಗದ ಪ್ರಯೋಗ ಆ ತೀರ್ಪನ್ನು ಅಲುಗಾಡಿಸಿತು. ಆ ಪ್ರಯೋಗದ ಯಶಸ್ಸೇ ಐದು ವರ್ಷದ ಬಳಿಕ ಸಿಂಹ ಅವರ ಮೊದಲ ಚಿತ್ರ ನಿರ್ದೇಶನಕ್ಕೆ ದಾರಿಯಾಯಿತು. ಅಶ್ವಥ್ ಅವರು ಸಂಗೀತ ನಿರ್ದೇಶಕರಾಗಿ ಚಿತ್ರರಂಗ ಪ್ರವೇಶಿಸಿದ್ದೂ ಇದರಿಂದಲೇ.

ತಾರಾಗಣದಲ್ಲಿ ಲೋಕೇಶ್, ಗಿರಿಜಾ ಲೋಕೇಶ್ ಹಾಗೂ ನಿರ್ದೇಶಕರ ಸೋದರ ಶ್ರೀನಾಥ್ ಪ್ರಮುಖರು. ಶ್ರೀನಾಥ್ ‘ಶುಭಮಂಗಳ’ದ (1975) ನಂತರ ಜನಪ್ರಿಯ ನಾಯಕರಾಗಿದ್ದರು. ಕಾಡಕುರುಬ ಕಾಚನ ಪಾತ್ರಧಾರಿ ಲೋಕೇಶ್ ಅವರ ವಿಷಯದಲ್ಲಿ ಒಂದು ಮಾತನ್ನು ವಿಸ್ತರಿಸಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ನಾಯಕ, ಕಂಪನಿ ರಂಗಭೂಮಿಯ ಹೆಸರಾಂತ ನಟ ಎಂ.ವಿ. ಸುಬ್ಬಯ್ಯನಾಯ್ಡು ಅವರ ಮಗ ಇವರು. ಬಾಲನಟನಾಗಿ ಆ ಪರಂಪರೆಯೊಳಗೇ ಬೆಳೆದರೂ ‘ಭೂತಯ್ಯನ ಮಗ ಅಯ್ಯು’ (1974) ಚಿತ್ರದ ವೇಳೆಗೆ ಅವರ ಅಭಿನಯ ಏರುದನಿಯನ್ನು ಕಳಚಿಕೊಂಡಿತ್ತು. ಒಂದನೆಯ ತಲೆಮಾರಿನ ಕಂಪನಿ ನಟರು ರಾಜನ ನಿಲುವನ್ನು ಮೈಗೂಡಿಸಿಕೊಂಡಿದ್ದರೆ, ಅದೇ ಮನೆತನದ ಎರಡನೆಯ ತಲೆಮಾರಿನ ನಟ ರಾಜನೆದುರು ನಿಂತು ಮಾತನಾಡುವ ಪ್ರಜೆಯ ನಿಲುವನ್ನು ಹುಡುಕಿದ್ದು ಸಣ್ಣ ಪಲ್ಲಟವಲ್ಲ. ಕೇಂದ್ರ ಪಾತ್ರ ಕಾಡಿನವನದು. ದೊರೆ ಕಥೆಯೊಳಕ್ಕೆ ಬರುವುದು ಅಹವಾಲನ್ನು ಕೇಳಲು.

ಈ ವಸ್ತುವಿನ್ಯಾಸದ ಮೂಲ ಮಾಸ್ತಿಯವರ ವೃತ್ತಿಜೀವನದಲ್ಲಿದೆ. ಮೈಸೂರು ಸಿವಿಲ್ ಸೇವೆಗೆ ಸೇರಿ ಜಿಲ್ಲಾಧಿಕಾರಿಯ ಹಂತದವರೆಗೆ ಏರಿದ ಲೇಖಕನಿಗೆ, ಅರಮನೆಗೂ ಹಾಡಿಗೂ ನಡುವೆ ನಿಲ್ಲುವ ಅಧಿಕಾರಿಯ ಕೈಯಲ್ಲಿ ಆಜ್ಞೆ ಹೇಗೆ ದಬ್ಬಾಳಿಕೆಯಾಗುತ್ತದೆಂಬುದು ಪುಸ್ತಕದಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ. ನಾಟಕದ ಹೆಗ್ಗಡೆ ಹದಿನೇಳನೆಯ ಶತಮಾನದವನಾದರೂ ಅವನ ನಡವಳಿಕೆಯಲ್ಲಿ ಇಪ್ಪತ್ತನೆಯ ಶತಮಾನದ ಕಂದಾಯ ಇಲಾಖೆಯ ಪರಿಚಯವಿದೆ. ನಾಟಕ ಪ್ರಕಟವಾದ 1938ರಲ್ಲಿಯೇ ಶಿವಪುರದ ಧ್ವಜ ಸತ್ಯಾಗ್ರಹ, ವಿದುರಾಶ್ವತ್ಥದ ಗೋಲೀಬಾರು ನಡೆದವು. ಪ್ರಜೆಗಳೂ ಸಂಸ್ಥಾನದ ಆಡಳಿತವೂ ಎದುರುಬದುರಾದ ವರ್ಷದಲ್ಲಿ, ತಪ್ಪು ನಡುವಣ ಅಧಿಕಾರಿಯದು, ದೊರೆ ಕೇಳಿದರೆ ನ್ಯಾಯ ಸಿಗುತ್ತದೆ ಎನ್ನುವ ನಾಟಕ ಬಂದಿತೆಂಬುದನ್ನು ಮರೆಯಲಾಗದು. ಮಾಸ್ತಿಯವರ ಸೌಜನ್ಯವೂ ಅವರ ಮಿತಿಯೂ ಇಲ್ಲಿಯೇ ಇವೆ. ‘ಚಿಕ್ಕವೀರ ರಾಜೇಂದ್ರ’ದಲ್ಲಿ (1956) ಅವರೇ ದೊರೆಯ ಅಧಃಪತನವನ್ನು ಕನಿಕರವಿಲ್ಲದೆ ಚಿತ್ರಿಸಿದರು. ಆ ವೇಳೆಗೆ ಅರಸೊತ್ತಿಗೆ ಮುಗಿದಿತ್ತು.

1977ರ ಚಿತ್ರತಂಡಕ್ಕೆ ಈ ಮಿತಿಯನ್ನು ಮೀರುವ ಅವಕಾಶವಿತ್ತೇ ಎಂಬುದು ವಿಮರ್ಶೆ ಕೇಳಬೇಕಾದ ಮುಖ್ಯ ಪ್ರಶ್ನೆ. ಕಾಕನಕೋಟೆ ಆ ವೇಳೆಗೆ ಬೇರೆಯೇ ಕಾಡಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ರಾಜಾತಿಥಿಗಳ ಎದುರು ನಡೆಯುತ್ತಿದ್ದ ಆನೆಗಳ ಖೆಡ್ಡಾ 1971ರಲ್ಲಿ ಕೊನೆಯ ಬಾರಿಗೆ ನಡೆಯಿತು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದು ಕಬಿನಿಯ ನೀರು ಹಿಂದಕ್ಕೆ ಹರಡಿದಾಗ ಖೆಡ್ಡಾ ಆನೆಗಳನ್ನು ಅಟ್ಟುತ್ತಿದ್ದ ನದಿಪಾತ್ರ, ಊರುಗಳು, ಹಾಡಿಗಳು, ಮಾಸ್ತಿಗುಡಿಯ ಪರಿಸರ ಎಲ್ಲವೂ ಮುಳುಗಿದವು. (ಈ ಮಾಸ್ತಿಗುಡಿಗೂ ನಾಟಕಕಾರ ಮಾಸ್ತಿಯವರಿಗೂ ಸಂಬಂಧವಿಲ್ಲ, ‘ಮಹಾಸತಿ’ಯಿಂದ ಬಂದ ಮಾಸ್ತಿ ಎಂಬ ದೈವದ ಹೆಸರು ನಾಡಿನ ಉದ್ದಗಲಕ್ಕೂ ಇದೆ.) ಜೇನುಕುರುಬರು ಮತ್ತು ಕಾಡಕುರುಬರೆಂದು ಕರೆಸಿಕೊಳ್ಳುವ ಬೆಟ್ಟಕುರುಬರು ಕಾಡಿನೊಳಗಿನ ಹಾಡಿಗಳನ್ನು ಬಿಡುತ್ತಿದ್ದ ದಶಕವದು. ಅದೇ ದಶಕದಲ್ಲಿ ಬೆಂಗಳೂರಿನ ರಂಗಮಂದಿರದಲ್ಲಿಯೂ ಆಮೇಲೆ ಬೆಳ್ಳಿತೆರೆಯ ಮೇಲೆಯೂ ಕಾಡು ಕುರುಬರದೇ ಎಂದು ದೊರೆ ಒಪ್ಪುವ ಕಥೆ ಮೆಚ್ಚುಗೆ ಪಡೆಯಿತು.

ಇದನ್ನು ಚಿತ್ರತಂಡದ ಕಪಟವೆಂದು ಕರೆಯುವುದು ಅನ್ಯಾಯವಾದೀತು. ಮಾಸ್ತಿಯವರ ಪಠ್ಯಕ್ಕೆ ನಿಷ್ಠರಾದ ರಂಗಕರ್ಮಿಗಳು ಅದರ ಮಾನವೀಯತೆಯನ್ನು ಪ್ರಾಮಾಣಿಕವಾಗಿ ನಂಬಿದ್ದರು. ಆದರೆ ಹದಿನೇಳನೆಯ ಶತಮಾನದ ಹೆಗ್ಗಡೆಯ ಮೇಲೆ ಬೆರಳು ತೋರಿಸುವ ಕಥನ, ಕಣ್ಣೆದುರಿನ ಇಲಾಖೆಗಳತ್ತ ತಿರುಗಲಿಲ್ಲ. 1973ರ ‘ಗಂಧದ ಗುಡಿ’ಯನ್ನು ಇಲ್ಲಿ ನೆನೆಯಬಹುದು. ಎಂ.ಪಿ. ಶಂಕರ್ ನಿರ್ಮಿಸಿ ವಿಜಯ್ ನಿರ್ದೇಶಿಸಿದ ಆ ಚಿತ್ರದಲ್ಲಿ, ಹಿಂದೆ ರಣಧೀರನಾಗಿದ್ದ ನಟನೇ ಅರಣ್ಯಾಧಿಕಾರಿಯಾಗಿ ಕಾಡಿನ ರಕ್ಷಣೆಗೆ ನಿಲ್ಲುತ್ತಾನೆ. ಜನಪ್ರಿಯ ಚಿತ್ರದ ಭಾಷೆಯಲ್ಲಿ ದೊರೆಯ ಜಾಗಕ್ಕೆ ಇಲಾಖೆಯ ಅಧಿಕಾರಿ ಬಂದು ಕೂತಾಗಿತ್ತು. ಮಾಸ್ತಿಯವರು ಸಂಶಯದಿಂದ ನೋಡಿದ ಅದೇ ನಡುವಣ ಅಧಿಕಾರಿ ಇವನು! ಈ ಎರಡು ಚಿತ್ರಗಳನ್ನು ಒಟ್ಟಿಗೆ ಓದದೆ ಎಪ್ಪತ್ತರ ದಶಕದ ಕನ್ನಡ ಸಿನಿಮಾ ಕಾಡನ್ನು ಕಂಡ ಬಗೆ ಪೂರ್ತಿ ತಿಳಿಯುವುದಿಲ್ಲ.

ಅಶ್ವಥ್ ಅವರ ಸಂಗೀತ ಮಾತ್ರ ಚಿತ್ರದ ಆಯುಷ್ಯವನ್ನು ಮೀರಿ ಬಾಳಿತು. ಮಾಸ್ತಿಯವರದೇ ರಚನೆಯಾದ ‘ನೇಸರ ನೋಡು’ ಗೀತೆಗೆ ಅವರು ಹಾಕಿದ ಮಟ್ಟು ಮೊದಲು ರಂಗಕ್ಕಾಗಿ ಹುಟ್ಟಿದ್ದು. ಒಬ್ಬ ಗಾಯಕನ ಕೌಶಲಕ್ಕಿಂತ ಗುಂಪಿನ ದನಿಯನ್ನು ನೆಚ್ಚಿದ ಕಟ್ಟಣೆ ಅದು. ನಟರೇ ಹಾಡಬೇಕಾಗಿದ್ದ ಹವ್ಯಾಸಿ ತಂಡದ ಅಗತ್ಯ ಆ ಸರಳತೆಗೆ ಕಾರಣವಾಗಿರಬೇಕು. ‘ರಣಧೀರ ಕಂಠೀರವ’ದ ಜಿ.ಕೆ. ವೆಂಕಟೇಶ್ ವಾದ್ಯವೃಂದದ ವೈಭವದಲ್ಲಿ ಆಸ್ಥಾನವನ್ನು ಕೇಳಿಸಿದವರು. ಅಶ್ವಥ್ ಬಯಲನ್ನು ಕೇಳಿಸಿದರು. ಅದು ಕುರುಬರದೇ ಸಂಗೀತವಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಹಾಡಿಯ ಹಾಡುಗಳ ಲಯ, ವಾದ್ಯ, ಮಾತು ಬೇರೆ. ನಗರದ ರಂಗಭೂಮಿ ಕಾಡನ್ನು ಕಲ್ಪಿಸಿಕೊಂಡ ದನಿಯಾಗಿ ಅದನ್ನು ಆಲಿಸಿದರೆ ಅದರ ಚೆಲುವಿಗೆ ಯಾವ ಕುಂದೂ ಬರುವುದಿಲ್ಲ. ಮುಂದೆ ಸುಗಮ ಸಂಗೀತದಲ್ಲಿ ಅಶ್ವಥ್ ತಂದ ಬದಲಾವಣೆಯ ಬೀಜಗಳು ಈ ರಂಗಗೀತೆಗಳಲ್ಲಿಯೇ ಇವೆ ಎನ್ನಲು ಸಾಕಷ್ಟು ಆಧಾರವಿದೆ.

ಎರಡು ಚಿತ್ರಗಳ ಹೆಸರಿನ ಪಟ್ಟಿಗಳನ್ನು ಎದುರಿಗಿಟ್ಟುಕೊಂಡರೆ ಒಂದು ಸಾಮ್ಯ ಎದ್ದುಕಾಣುತ್ತದೆ. ಮೊದಲನೆಯದರಲ್ಲಿ ಕಂಪನಿ ನಟರು, ಎರಡನೆಯದರಲ್ಲಿ ಬೆಂಗಳೂರಿನ ಹವ್ಯಾಸಿಗಳು ಮತ್ತು ಚಿತ್ರನಟರು. ಪ್ರಧಾನ ಹೆಸರುಗಳಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನವರು ಯಾರೂ ಇಲ್ಲ. ಆ ಸೀಮೆಯವನೊಬ್ಬನ ಹೆಸರು ಜಗತ್ತಿನ ತೆರೆಯ ಮೇಲೆ ಇವೆರಡಕ್ಕೂ ಮೊದಲೇ ಬಂದಿತ್ತು ಎಂಬುದು ಇಲ್ಲಿ ಪ್ರಸ್ತುತ. ಕಿಪ್ಲಿಂಗನ ಕಥೆಯನ್ನು ಆಧರಿಸಿ ರಾಬರ್ಟ್ ಫ್ಲಾಹರ್ಟಿ ಮತ್ತು ಝೋಲ್ಟಾನ್ ಕೊರ್ಡಾ ನಿರ್ದೇಶಿಸಿದ ‘ಎಲಿಫೆಂಟ್ ಬಾಯ್’ (1937) ಚಿತ್ರಕ್ಕೆ ಮೈಸೂರು ಸಂಸ್ಥಾನದಲ್ಲಿ ಚಿತ್ರೀಕರಣ ನಡೆದಾಗ, ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು ಅದರ ನಾಯಕನಾದ. ಕಾರಾಪುರವೆಂದರೆ ಕಾಕನಕೋಟೆಯ ನೆರೆಯ ಊರು, ಮಹಾರಾಜರ ಖೆಡ್ಡಾ ಬಿಡಾರದ ತಾಣ. ಫ್ಲಾಹರ್ಟಿ ಮತ್ತು ಕೊರ್ಡಾ ಆ ಚಿತ್ರಕ್ಕಾಗಿ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆದರು. ಸಾಬು ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋಗಿ ‘ದಿ ಥೀಫ್ ಆಫ್ ಬಾಗ್ದಾದ್’ (1940), ‘ಜಂಗಲ್ ಬುಕ್’ (1942) ಚಿತ್ರಗಳಲ್ಲಿ ನಟಿಸಿದ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಗನ್ನರ್ ಆಗಿ ದುಡಿದ. 1963ರಲ್ಲಿ, ನಲವತ್ತು ತುಂಬುವ ಮುನ್ನವೇ, ಅಲ್ಲಿಯೇ ತೀರಿಕೊಂಡ. ಅನೇಕ ಗ್ರಂಥಗಳು ಅವನನ್ನು ‘ಸಾಬು ದಸ್ತಗೀರ್’ ಎಂದು ನಮೂದಿಸುತ್ತವೆ. ದಸ್ತಗೀರ್ ಎಂಬುದು ಅವನ ಅಣ್ಣನ ಹೆಸರು. ಕಬಿನಿಯ ದಡದಿಂದ ಚಿತ್ರರಂಗಕ್ಕೆ ಹೋಗಿ ಜಗತ್ತಿನಲ್ಲಿ ಹೆಸರಾದ ಆ ಹುಡುಗನ ಹೆಸರನ್ನು ಕೂಡ ಪಟ್ಟಿ ಬರೆದವರು ತಪ್ಪಾಗಿಯೇ ಬರೆದರು.